ಕೌಶಲ್ಯ ತರಬೇತಿ ಬಗ್ಗೆ ಆನ್‌ಲೈನ್ ಸಭೆ: ಯಾರನ್ನು ಕರೆಯಬೇಕು, ಏನು ಕೇಳಬೇಕು, ಹೇಗೆ ನಡೆಸಬೇಕು

ಬೆಂಗಳೂರಿನ ಸಣ್ಣ ಕೈಗಾರಿಕೆಯವರ, ಐಟಿಐ ಮೇಷ್ಟ್ರುಗಳ, ತರಬೇತಿ ಕೇಂದ್ರದವರ ವಾಟ್ಸಾಪ್ ಗುಂಪುಗಳಲ್ಲಿ ಈಗ ಒಂದು ತರಹದ ಮೆಸೇಜ್ ಆಗಾಗ ಓಡಾಡುತ್ತಿರುತ್ತದೆ. "ಕೌಶಲ್ಯ ತರಬೇತಿ ಕುರಿತು ಸ್ಟೇಕ್‌ಹೋಲ್ಡರ್ ಸಭೆ, ಆನ್‌ಲೈನ್‌ನಲ್ಲಿ, ಲಿಂಕ್ ಕೆಳಗಿದೆ, ತಪ್ಪದೆ ಭಾಗವಹಿಸಿ." ಲಿಂಕ್ ಒತ್ತಿದವರಲ್ಲಿ ಅರ್ಧ ಜನ ಮೈಕ್ ಮ್ಯೂಟ್ ಮಾಡಿ ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ನಾಲ್ಕೈದು ಜನ ಭಾಷಣ ಮಾಡುತ್ತಾರೆ, ಧನ್ಯವಾದ ಹೇಳುತ್ತಾರೆ, ಸಭೆ ಮುಗಿಯುತ್ತದೆ. ಕೋರ್ಸ್ ಮಾತ್ರ ಮೊದಲು ಹೇಗಿತ್ತೋ ಹಾಗೇ ಇರುತ್ತದೆ.

ಹೀಗೇ ಆಗಬೇಕು ಅಂತೇನಿಲ್ಲ. ಸರಿಯಾಗಿ ನಡೆಸಿದರೆ ಒಂದೂವರೆ ಗಂಟೆಯ ಸಭೆಯಿಂದ ಒಂದು ತರಬೇತಿ ಕೇಂದ್ರದಲ್ಲಿ ನಿಜವಾದ ಬದಲಾವಣೆ ಆಗಬಹುದು. ಈ ಸಭೆ ನಡೆಸುವ ಜವಾಬ್ದಾರಿ ಈಗ ದೊಡ್ಡ ಸಂಸ್ಥೆಗಳಿಗೆ ಮಾತ್ರ ಬರುತ್ತಿಲ್ಲ. ಕೈಗಾರಿಕಾ ಸಂಘದ ಕಾರ್ಯದರ್ಶಿಗೆ, ಐಟಿಐನ ಪ್ಲೇಸ್‌ಮೆಂಟ್ ನೋಡಿಕೊಳ್ಳುವವರಿಗೆ, ಬಡಾವಣೆಯಲ್ಲಿ ಹೊಲಿಗೆ ತರಗತಿ ನಡೆಸುವ ಸಂಸ್ಥೆಯವರಿಗೆ "ನೀವೇ ಸ್ವಲ್ಪ ನಡೆಸಿಕೊಡಿ" ಅಂತ ಫೋನ್ ಬರುತ್ತದೆ. ಅಂಥವರಿಗಾಗಿ ಬುಡದಿಂದ ವಿವರಿಸುತ್ತೇನೆ.

## ಇದು ಎಂಥ ಸಭೆ, ಯಾರಿಗೆ ಸಂಬಂಧ?

ಕೌಶಲ್ಯ ತರಬೇತಿ ಅಂದರೆ ಒಂದು ಕೆಲಸವನ್ನು ಕೈಯಾರೆ ಮಾಡಲು ಕಲಿಸುವುದು. ವೆಲ್ಡಿಂಗ್, ಹೊಲಿಗೆ, ವೈರಿಂಗ್, ಸಿಎನ್‌ಸಿ ಮಷಿನ್ (ಕಂಪ್ಯೂಟರ್ ಪ್ರೋಗ್ರಾಮ್‌ನಿಂದ ನಡೆಯುವ ಮಷಿನ್), ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಕೆಲಸ, ಹೀಗೆ. ಕೆಲವು ಕೋರ್ಸುಗಳು ಮೂರ್ನಾಲ್ಕು ತಿಂಗಳಲ್ಲಿ ಮುಗಿಯುತ್ತವೆ. ಐಟಿಐಗೆ ಸೇರಿದರೆ ವೆಲ್ಡರ್‌ಗೆ 1 ವರ್ಷ, ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್‌ಗೆ 2 ವರ್ಷ.

ಸ್ಟೇಕ್‌ಹೋಲ್ಡರ್ ಅಂದರೆ ಈ ತರಬೇತಿ ಚೆನ್ನಾಗಿ ನಡೆದರೆ ಲಾಭ, ಕೆಟ್ಟರೆ ನಷ್ಟ ಆಗುವ ಪ್ರತಿಯೊಬ್ಬರೂ. ಕೆಲಸ ಕೊಡುವವರು ಅದರಲ್ಲಿ ಒಂದು ಕಡೆಯವರಷ್ಟೇ. ಕಲಿಯುತ್ತಿರುವ ಹುಡುಗ ಹುಡುಗಿಯರು, ಕಲಿತು ಹೋಗಿ ಈಗ ಕೆಲಸದಲ್ಲಿರುವವರು, ಕಲಿತೂ ಕೆಲಸ ಸಿಗದವರು, ಪಾಠ ಮಾಡುವ ಮೇಷ್ಟ್ರು, ಪ್ರಾಂಶುಪಾಲರು, ಇಲಾಖೆಯ ಅಧಿಕಾರಿ, ಕಾರ್ಮಿಕ ಸಂಘದವರು, ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವವರು ಎಲ್ಲರೂ ಇದಕ್ಕೆ ಸೇರುತ್ತಾರೆ. ಸಾಮಾನ್ಯವಾಗಿ ಪಟ್ಟಿಯಿಂದ ಬಿಟ್ಟುಹೋಗುವವರು ಯಾರು ಗೊತ್ತಾ? ಕೋರ್ಸ್ ಮುಗಿಸಿ ಕೆಲಸಕ್ಕೆ ಸೇರಿ, ಎರಡೇ ತಿಂಗಳಲ್ಲಿ ಬಿಟ್ಟವರು. ತರಬೇತಿ ಎಲ್ಲಿ ಹಿಡಿಯಲಿಲ್ಲ ಅಂತ ಅವರಿಗಿಂತ ಚೆನ್ನಾಗಿ ಬೇರೆ ಯಾರೂ ಹೇಳಲಾರರು. ಅವರ ನಂಬರ್ ಹುಡುಕಿ ಕರೆಯುವುದು ಕಷ್ಟದ ಕೆಲಸ, ಆದರೂ ಮಾಡಿ.

ಆನ್‌ಲೈನ್ ಯಾಕೆ ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೀಣ್ಯದಲ್ಲಿ ಐದಾರು ಜನರನ್ನಿಟ್ಟುಕೊಂಡು ವರ್ಕ್‌ಶಾಪ್ ನಡೆಸುವವರು ಬನ್ನೇರುಘಟ್ಟ ರಸ್ತೆಯ ಕೌಶಲ್ಯ ಭವನಕ್ಕೆ ಸಭೆಗೆ ಬಂದು ಹೋದರೆ ಅರ್ಧ ದಿನ ಕಳೆದ ಹಾಗೆ. ಮಾಲೀಕರೇ ಆಪರೇಟರ್, ಅವರೇ ಸೂಪರ್‌ವೈಸರ್, ಗಿರಾಕಿಗೆ ಉತ್ತರ ಕೊಡುವವರೂ ಅವರೇ. ಬೊಮ್ಮಸಂದ್ರ, ಜಿಗಣಿ, ಬಿಡದಿ ಕಡೆಯವರಿಗೂ ಇದೇ ಪಾಡು. ಅವರ ಅರ್ಧ ದಿನ ಕೇಳಿದರೆ ಸಿಗುವುದಿಲ್ಲ, ಒಂದೂವರೆ ಗಂಟೆ ಕೇಳಿದರೆ ಸಿಗುತ್ತದೆ.

## ಮೊದಲು ತಿಳಿದಿರಬೇಕಾದದ್ದು: ಯಾರ ಕೈಯಲ್ಲಿ ಏನಿದೆ

ಇದನ್ನು ತಿಳಿಯದೆ ಸಭೆ ಕರೆದರೆ ಸುಮ್ನೆ ಎಲ್ಲರ ಹೊತ್ತು ಹಾಳು. "ಸಿಲಬಸ್ ಹಳೇದು, ಬದಲಾಯಿಸಿ" ಅಂತ ಮಾಲೀಕರು ಪ್ರಾಂಶುಪಾಲರನ್ನು ಕೇಳುತ್ತಾರೆ. ಪ್ರಾಂಶುಪಾಲರು ತಲೆ ಆಡಿಸುತ್ತಾರೆ. ಆದರೆ ಅದು ಅವರ ಕೈಯಲ್ಲೇ ಇಲ್ಲ.

ಐಟಿಐಗಳಲ್ಲಿ ನಡೆಯುವ ಮುಖ್ಯ ತರಬೇತಿ 1950ರಲ್ಲಿ ಶುರುವಾದ ಕ್ರಾಫ್ಟ್ಸ್‌ಮೆನ್ ಟ್ರೈನಿಂಗ್ ಸ್ಕೀಮ್ ಅಡಿ ಬರುತ್ತದೆ. ಇದರ ಸಿಲಬಸ್ಸನ್ನು ಕೇಂದ್ರ ಸರ್ಕಾರದ ತರಬೇತಿ ಮಹಾನಿರ್ದೇಶನಾಲಯ ಮಾಡುತ್ತದೆ. ಎಲ್ಲರೂ ಇದನ್ನು ಡಿಜಿಟಿ ಅನ್ನುತ್ತಾರೆ. ಬೆಂಗಳೂರಿನ ಫಿಟ್ಟರ್‌ಗೂ ಪಾಟ್ನಾದ ಫಿಟ್ಟರ್‌ಗೂ ಒಂದೇ ಸಿಲಬಸ್.

ಕಡಿಮೆ ಅವಧಿಯ ಕೋರ್ಸುಗಳ ದಾರಿ ಬೇರೆ. ಒಂದೊಂದು ಉದ್ಯಮಕ್ಕೂ ಒಂದು ಸೆಕ್ಟರ್ ಸ್ಕಿಲ್ ಕೌನ್ಸಿಲ್ ಇದೆ. ಗಾರ್ಮೆಂಟ್ಸ್‌ಗೆ ಒಂದು, ಐಟಿಗೆ ಒಂದು, ವಾಹನ ಉದ್ಯಮಕ್ಕೆ ಒಂದು. ಒಂದು ಕೆಲಸಕ್ಕೆ ನಿಂತವರಿಗೆ ಏನೇನು ಬರಬೇಕು ಅನ್ನುವ ಪಟ್ಟಿಯನ್ನು ಈ ಕೌನ್ಸಿಲ್‌ಗಳು ಮಾಡುತ್ತವೆ. ಅದಕ್ಕೆ ಕ್ವಾಲಿಫಿಕೇಷನ್ ಪ್ಯಾಕ್ ಅಂತ ಹೆಸರು. ಅದಕ್ಕೆ ಒಪ್ಪಿಗೆ ಕೊಡುವುದು 2018ರಲ್ಲಿ ರಚನೆಯಾದ ಎನ್‌ಸಿವಿಇಟಿ ಎಂಬ ರಾಷ್ಟ್ರೀಯ ಮಂಡಳಿ. ಸಭೆಯಲ್ಲಿ ಯಾರಾದರೂ "ಇದು ಲೆವೆಲ್ 4ರ ಕೋರ್ಸ್" ಅಂದರೆ ಗಾಬರಿ ಬೇಡ. 2013ರಲ್ಲಿ ಬಂದ ಎನ್‌ಎಸ್‌ಕ್ಯುಎಫ್ ಎಂಬ ಚೌಕಟ್ಟಿನಲ್ಲಿ ಕೋರ್ಸುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದಾರೆ, ಮೇಲೆ ಹೋದಷ್ಟೂ ಸ್ವಂತ ತೀರ್ಮಾನ ತೆಗೆದುಕೊಳ್ಳುವ ಜವಾಬ್ದಾರಿ ಜಾಸ್ತಿ, ಅಷ್ಟೇ.

ರಾಜ್ಯದ ಮಟ್ಟದಲ್ಲಿ ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮ ಇದೆ, ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆಯಂಥ ಯೋಜನೆಗಳಿವೆ. ಯಾವ ಕೇಂದ್ರಕ್ಕೆ ಯಾವ ಕೋರ್ಸ್, ಎಷ್ಟು ಜನಕ್ಕೆ ಅನ್ನುವ ತೀರ್ಮಾನಗಳು ಇಲ್ಲಿ ಆಗುತ್ತವೆ.

ಹಾಗಾದರೆ ತರಬೇತಿ ಕೇಂದ್ರದ ಕೈಯಲ್ಲಿ ಏನೂ ಇಲ್ವಾ? ಬೇಕಾದಷ್ಟಿದೆ. ಪ್ರಾಕ್ಟಿಕಲ್‌ಗೆ ಯಾವ ಜಾಬ್, ಅಂದರೆ ಯಾವ ಪೀಸ್ ಮಾಡಲು ಕೊಡಬೇಕು, ಹುಡುಗರನ್ನು ಯಾವ ಫ್ಯಾಕ್ಟರಿಗೆ ಕರೆದುಕೊಂಡು ಹೋಗಬೇಕು, ಯಾರನ್ನು ಒಂದು ದಿನ ಪಾಠಕ್ಕೆ ಕರೆಯಬೇಕು, ಮಷಿನ್ ಮೇಲೆ ಸರದಿ ಹೇಗೆ ಹಂಚಬೇಕು, ಇದೆಲ್ಲ ಬಹುಮಟ್ಟಿಗೆ ಅವರದೇ. ಒಂದಷ್ಟು ಕಾಲ ಐಟಿಐನಲ್ಲಿ, ಒಂದಷ್ಟು ಕಾಲ ಕಂಪನಿಯಲ್ಲಿ ಕಲಿಸುವ ಡ್ಯುಯಲ್ ಸಿಸ್ಟಮ್ ಕೂಡ 2016ರಿಂದ ಇದೆ. ಹತ್ತಿರದ ಕಂಪನಿ ಒಪ್ಪಿದರೆ ಅದಕ್ಕೂ ದಾರಿ ಇದೆ.

ಮಾಲೀಕರ ಕೈಯಲ್ಲೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ, ಒಟ್ಟು ಸಿಬ್ಬಂದಿಯ ಶೇಕಡ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು, ಅಂದರೆ ಕೆಲಸ ಮಾಡುತ್ತಲೇ ಕಲಿಯುವವರನ್ನು, ತೆಗೆದುಕೊಳ್ಳಲೇಬೇಕು. 4ರಿಂದ 29 ಜನ ಇರುವ ಕಡೆ ಇದು ಕಡ್ಡಾಯವಲ್ಲ, ಇಷ್ಟ ಇದ್ದರೆ ತೆಗೆದುಕೊಳ್ಳಬಹುದು. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ, ಅವರಿಗೆ ತಿಂಗಳು ತಿಂಗಳು ಕೊಡುವ ಸ್ಟೈಪೆಂಡ್‌ನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದ ಹಾಗೆ, ಕೇಂದ್ರ ಸರ್ಕಾರ ಭರಿಸುವ ವ್ಯವಸ್ಥೆ ಇದೆ. ಸಣ್ಣ ವರ್ಕ್‌ಶಾಪ್‌ನವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ಸಭೆಯಲ್ಲಿ ಐದು ನಿಮಿಷ ಇದನ್ನು ಬಿಡಿಸಿ ಹೇಳಿದರೂ ಒಂದು ಕೆಲಸ ಆದ ಹಾಗೆ.

ಆದ್ದರಿಂದ ಸಭೆಗೆ ಒಂದು ವಾರ ಮೊದಲೇ ಕೂತು ಬರೆದುಕೊಳ್ಳಿ. ನಾವು ಚರ್ಚಿಸುವ ವಿಷಯದಲ್ಲಿ ಕೇಂದ್ರವೇ ಬದಲಾಯಿಸಬಹುದಾದದ್ದು ಯಾವುದು, ಬೆಂಗಳೂರಿನ ಕಚೇರಿಗೆ ಹೋಗಬೇಕಾದದ್ದು ಯಾವುದು, ದೆಹಲಿಯವರೆಗೆ ಪತ್ರ ಬರೆಯಬೇಕಾದದ್ದು ಯಾವುದು. ಸಭೆಯ ಹೊತ್ತಿನ ಮುಕ್ಕಾಲು ಪಾಲು ಮೊದಲನೆಯದಕ್ಕೆ ಕೊಡಿ.

## ಪ್ರಶ್ನೆ ಸಣ್ಣದಾಗಿರಲಿ

ಇಡೀ ಸಭೆ ನಿಂತಿರುವುದು ನೀವು ಕೇಳುವ ಪ್ರಶ್ನೆಯ ಮೇಲೆ. "ತರಬೇತಿಯ ಗುಣಮಟ್ಟ ಹೇಗೆ ಹೆಚ್ಚಿಸಬಹುದು?" ಅಂತ ಕೇಳಿ ನೋಡಿ. "ಪ್ರಾಕ್ಟಿಕಲ್ ಜಾಸ್ತಿ ಇರಬೇಕು", "ಇಂಗ್ಲಿಷ್ ಕಲಿಸಬೇಕು", "ಈಗಿನ ಹುಡುಗರಿಗೆ ಆಸಕ್ತಿ ಇಲ್ಲ" ಅಂತ ಬರುತ್ತದೆ. ಇದನ್ನಿಟ್ಟುಕೊಂಡು ಸೋಮವಾರ ಬೆಳಿಗ್ಗೆ ಮೇಷ್ಟ್ರು ತರಗತಿಯಲ್ಲಿ ಏನು ಮಾಡಬೇಕು?

ಅದರ ಬದಲು ಹೀಗೆ ಕೇಳಿ: "ಕೋರ್ಸ್ ಮುಗಿಸಿ ಬಂದವರನ್ನು ಮೊದಲ ವಾರ ಒಬ್ಬರನ್ನೇ ಮಷಿನ್ ಮೇಲೆ ಬಿಡಲು ನಿಮಗೆ ಯಾಕೆ ಧೈರ್ಯ ಬರಲಿಲ್ಲ?"

ಈ ಪ್ರಶ್ನೆಯಿಂದ ಏನೇನು ಹೊರಬರಬಹುದು ಅಂತ ತೋರಿಸಲು ಒಂದು ಮಾದರಿ ಮಾತುಕತೆ ಕೊಡುತ್ತೇನೆ. ಸಿಎನ್‌ಸಿ ಲೇತ್, ಅಂದರೆ ಲೋಹವನ್ನು ತಿರುಗಿಸುತ್ತಾ ಕತ್ತರಿಸುವ ಮಷಿನ್, ಕಲಿಸುವ ಕೋರ್ಸ್ ಅಂದುಕೊಳ್ಳಿ.

ಮಾಲೀಕರು: "ಆಫ್‌ಸೆಟ್ ಹಾಕೋಕೆ ಬರಲ್ಲ ಮೇಡಂ. ಅದೊಂದು ಬಂದ್ರೆ ಸಾಕು ನಮಗೆ."

ಇಲ್ಲಿ ನಡೆಸುವವರು ನಿಲ್ಲಿಸಿ, ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ ವಿವರಿಸಲು ಕೇಳಬೇಕು. ಆಫ್‌ಸೆಟ್ ಅಂದರೆ ಇಷ್ಟೇ: 25 ಮಿಲಿಮೀಟರ್ ದಪ್ಪದ ಶಾಫ್ಟ್ ಮಾಡುತ್ತಿದ್ದೀರಿ. ಬೆಳಿಗ್ಗೆ ಸೈಜ್ ಸರಿಯಾಗಿ ಬರುತ್ತದೆ. ಲೋಹ ಕತ್ತರಿಸುವ ಇನ್ಸರ್ಟ್, ಅಂದರೆ ಟೂಲ್‌ನ ತುದಿಯಲ್ಲಿ ಕೂರಿಸುವ ಗಟ್ಟಿ ಚೂರು, ಕೆಲಸ ಮಾಡುತ್ತಾ ಮಾಡುತ್ತಾ ಸವೆಯುತ್ತದೆ. ಸವೆದಷ್ಟೂ ಕಡಿಮೆ ಕತ್ತರಿಸುತ್ತದೆ, ಶಾಫ್ಟ್ ದಪ್ಪ ಉಳಿಯುತ್ತದೆ. ಮೈಕ್ರೋಮೀಟರ್ ಹಿಡಿದು ನೋಡಿದರೆ 25.03 ತೋರಿಸುತ್ತದೆ. ಆಗ ಆಪರೇಟರ್ ಪ್ರೋಗ್ರಾಮ್ ಮುಟ್ಟದೆ, ಮಷಿನ್‌ನ ಆಫ್‌ಸೆಟ್ ಪೇಜಿಗೆ ಹೋಗಿ 0.03 ಕಳೆಯಬೇಕು. ಕಳೆಯುವ ಬದಲು ಕೂಡಿಸಿದರೆ ಮುಂದಿನ ಪೀಸ್ 25.06 ಆಗುತ್ತದೆ. ಪೀಸ್ ರಿಜೆಕ್ಟ್. ಬ್ಯಾಚ್ ಪೂರ್ತಿ ಹೋದರೆ ಸಣ್ಣ ವರ್ಕ್‌ಶಾಪ್‌ಗೆ ಅದು ದೊಡ್ಡ ಹೊಡೆತ.

ನಡೆಸುವವರು ಈಗ ಕಲಿತವರ ಕಡೆ ತಿರುಗುತ್ತಾರೆ: "ಬರಲ್ಲ ಅಂದ್ರೆ ಹೇಳಿಕೊಟ್ಟೇ ಇಲ್ವಾ, ಇಲ್ಲ ಹೇಳಿಕೊಟ್ಟರೂ ಹೆದರಿಕೆಯಾ? ಹೇಳಪ್ಪಾ, ಪರವಾಗಿಲ್ಲ."

ಹುಡುಗ: "ಹೇಳಿಕೊಟ್ಟಿದ್ದಾರೆ ಮೇಡಂ. ಆದ್ರೆ ಇಪ್ಪತ್ತು ಜನಕ್ಕೆ ಒಂದು ಮಷಿನ್. ನನ್ನ ಸರದಿಯಲ್ಲಿ ಎರಡೇ ಪೀಸ್ ಮಾಡಿದ್ದು. ಇನ್ಸರ್ಟ್ ಹೊಸದಿತ್ತು, ಸೈಜ್ ತಪ್ಪಲೇ ಇಲ್ಲ."

ಮೇಷ್ಟ್ರು: "ಹೌದು, ಅದು ನಿಜ. ಸವೆದ ಇನ್ಸರ್ಟ್ ನಮ್ಮ ಹತ್ತಿರ ಇರೋದೇ ಕಡಿಮೆ. ಅಷ್ಟು ಕೆಲಸ ನಮ್ಮಲ್ಲಿ ಎಲ್ಲಿ ಆಗುತ್ತೆ?"

ಮಾಲೀಕರು: "ಅಯ್ಯೋ, ನಾವು ಅದನ್ನ ಕೆಜಿ ಲೆಕ್ಕದಲ್ಲಿ ಸ್ಕ್ರ್ಯಾಪ್‌ಗೆ ಹಾಕ್ತೀವಿ ಸಾರ್. ಒಂದು ಡಬ್ಬ ತುಂಬಿಸಿ ಕಳಿಸ್ತೀನಿ, ತಗೊಳ್ಳಿ."

ಇಷ್ಟೇ ಮಾತು. ದೆಹಲಿಯ ಒಪ್ಪಿಗೆ ಬೇಡ, ಹೊಸ ಮಷಿನ್ ಬೇಡ, ಬಜೆಟ್ ಬೇಡ. ಸವೆದ ಇನ್ಸರ್ಟ್ ಕೂರಿಸಿದರೆ ಎರಡನೇ ಪೀಸಿಗೇ ಸೈಜ್ ಜಾರಬಹುದು, ಹುಡುಗ ಅಲ್ಲೇ ಅಳೆದು ತಿದ್ದುವುದು ಕಲಿಯುತ್ತಾನೆ. "ಪ್ರಾಕ್ಟಿಕಲ್ ಜಾಸ್ತಿ ಇರಬೇಕು" ಎಂಬ ಮಾತಿನ ಒಳಗೆ ಅಡಗಿದ್ದದ್ದು ಇದು. ಆದರೆ ಮಾಲೀಕ, ಹುಡುಗ, ಮೇಷ್ಟ್ರು ಮೂವರೂ ಒಂದೇ ಹೊತ್ತಿನಲ್ಲಿ ಮಾತಾಡದೆ ಇದು ಹೊರಗೆ ಬರುತ್ತಿರಲಿಲ್ಲ. ಸಂಬಂಧಪಟ್ಟವರನ್ನೆಲ್ಲ ಒಟ್ಟಿಗೆ ಕೂರಿಸುವುದು ಇದಕ್ಕೇ.

ಬೇರೆ ವೃತ್ತಿಗೂ ಇದೇ ರೀತಿ ಪ್ರಶ್ನೆ ಕಟ್ಟಬಹುದು. ಗಾರ್ಮೆಂಟ್ಸ್ ಆದರೆ, ತರಬೇತಿಯಲ್ಲಿ ಹೊಲಿದ ವೇಗಕ್ಕೂ ಲೈನ್‌ನಲ್ಲಿ ಕೊಡುವ ಟಾರ್ಗೆಟ್‌ಗೂ ಎಲ್ಲಿ ತಾಳೆ ಬೀಳಲಿಲ್ಲ ಅಂತ ಕೇಳಿ. ಆಸ್ಪತ್ರೆಯ ಕೆಲಸ ಆದರೆ, ಮೊದಲ ರಾತ್ರಿ ಪಾಳಿಯಲ್ಲಿ ಯಾವುದಕ್ಕೆ ನರ್ಸ್ ಅಕ್ಕನನ್ನು ಕರೆಯಬೇಕಾಯಿತು ಅಂತ ಕೇಳಿ.

## ನಡೆಸುವವರ ಕೆಲಸ ಏನು?

ಮದುವೆ ಮನೆಯಲ್ಲಿ ಪಂಕ್ತಿ ನೋಡಿಕೊಳ್ಳುವವರನ್ನು ನೆನಪಿಸಿಕೊಳ್ಳಿ. ಅವರು ಊಟಕ್ಕೆ ಕೂರುವುದಿಲ್ಲ. ಉದ್ದಕ್ಕೂ ಓಡಾಡುತ್ತಾ ಯಾರ ಎಲೆಗೆ ಇನ್ನೂ ಪಲ್ಯ ಬಂದಿಲ್ಲ, ಯಾರು ಕೇಳಲು ಸಂಕೋಚ ಪಡುತ್ತಿದ್ದಾರೆ ಅಂತ ನೋಡಿ ಬಡಿಸುವವರನ್ನು ಆ ಕಡೆ ಕಳಿಸುತ್ತಾರೆ. ಸಭೆ ನಡೆಸುವವರ ಕಣ್ಣೂ ಹಾಗೇ ಇರಬೇಕು. ವಿಷಯದಲ್ಲಿ ನೀವು ಎಷ್ಟೇ ತಿಳಿದವರಾಗಿದ್ದರೂ ಆ ಹೊತ್ತಿನಲ್ಲಿ ನಿಮ್ಮ ಅಭಿಪ್ರಾಯ ಬದಿಗಿರಲಿ. ಯಾರ ಮಾತು ಬಂತು, ಯಾರದು ಬರಲಿಲ್ಲ, ಬಂದ ಮಾತು ಎಲ್ಲರಿಗೂ ಅರ್ಥವಾಯಿತಾ, ಇವಿಷ್ಟೇ ನಿಮ್ಮ ಗಮನದಲ್ಲಿರಬೇಕು.

ಒಬ್ಬರಿಂದ ಇದು ಆಗುವುದಿಲ್ಲ. ಮಾತು ನಡೆಸಲು ಒಬ್ಬರು, ಲಿಂಕ್ ಸಿಗದವರನ್ನು, ಧ್ವನಿ ಬಾರದವರನ್ನು ಫೋನಿನಲ್ಲಿ ನೋಡಿಕೊಳ್ಳಲು ಒಬ್ಬರು, ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳಲು ಒಬ್ಬರು, ಚಾಟ್ ಓದಲು ಒಬ್ಬರು ಬೇಕು. ಜನ ಕಡಿಮೆ ಇದ್ದರೆ ಕೊನೆಯ ಎರಡನ್ನು ಒಬ್ಬರೇ ಮಾಡಬಹುದು. ಲಿಂಕ್ ನೋಡಿಕೊಳ್ಳುವವರ ಮೇಲೆ ಮಾತ್ರ ಬೇರೆ ಯಾವ ಕೆಲಸವನ್ನೂ ಹೊರಿಸಬೇಡಿ.

## ಸಣ್ಣವರು ಮೊದಲು ಮಾತಾಡಲಿ

ನನಗೆ ಇದು ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಪ್ರಾಂಶುಪಾಲರ ಮುಖ ಪರದೆಯಲ್ಲಿ ಕಾಣುತ್ತಿರುವಾಗ "ನಮಗೆ ಮಷಿನ್ ಮುಟ್ಟೋಕೆ ಬಿಡಲ್ಲ" ಅಂತ ವಿದ್ಯಾರ್ಥಿ ಹೇಳುವುದುಂಟಾ? ಮಾಲೀಕರ ಎದುರು ಅಪ್ರೆಂಟಿಸ್ "ನನ್ನ ಕೈಲಿ ಬರೀ ಗುಡಿಸೋದು, ಮಾಲು ಹೊರೋದು ಮಾಡಿಸ್ತಾರೆ" ಅಂತ ಹೇಳುತ್ತಾನಾ? ಆನ್‌ಲೈನ್ ಆದ ಮಾತ್ರಕ್ಕೆ ಹೆದರಿಕೆ ಹೋಗುವುದಿಲ್ಲ. ಹೆಸರು ಪರದೆಯಲ್ಲೇ ಇರುತ್ತದೆ, ಜಾಸ್ತಿಯೇ ಆಗಬಹುದು.

ಇದಕ್ಕೆ ಉಪಾಯ ಇದೆ. ಝೂಮ್‌ನಲ್ಲಿ ಬ್ರೇಕ್‌ಔಟ್ ರೂಮ್ ಅಂತ ಇದೆ, ದೊಡ್ಡ ಸಭೆಯನ್ನು ಸ್ವಲ್ಪ ಹೊತ್ತು ಸಣ್ಣ ಸಣ್ಣ ಕೋಣೆಗಳಾಗಿ ಒಡೆಯುವ ಸೌಲಭ್ಯ. ಮೊದಲ ಸುತ್ತಿನಲ್ಲಿ ಒಂದೇ ಬಗೆಯವರನ್ನು ಒಂದು ಕೋಣೆಯಲ್ಲಿ ಹಾಕಿ. ವಿದ್ಯಾರ್ಥಿಗಳು ಒಂದು ಕಡೆ, ಮೇಷ್ಟ್ರುಗಳು ಒಂದು ಕಡೆ, ಮಾಲೀಕರು ಒಂದು ಕಡೆ. ಕೋಣೆಗೆ ಐದಾರು ಜನ ಸಾಕು. ವಿದ್ಯಾರ್ಥಿಗಳ ಕೋಣೆಯಲ್ಲಿ ಅವರ ಸಂಸ್ಥೆಯವರು ಯಾರೂ ಇರಬಾರದು. ಅಲ್ಲಿ ಬಂದ ಮಾತುಗಳನ್ನು ಬರೆದುಕೊಂಡು, ಹೆಸರಿಲ್ಲದೆ ದೊಡ್ಡ ಸಭೆಗೆ ತನ್ನಿ. ಯಾರ ಮಾತು ಅಂತ ಗೊತ್ತಾಗದಿದ್ದಾಗ ಪ್ರಾಂಶುಪಾಲರೂ ಆ ಮಾತಿಗೆ ಉತ್ತರ ಕೊಡುತ್ತಾರೆ, ಆಡಿದವರ ಮೇಲೆ ಸಿಟ್ಟಾಗುವುದಿಲ್ಲ. ಎರಡನೇ ಸುತ್ತಿನಲ್ಲಿ ಬೆರೆಸಬಹುದು. ಬೆರೆಸುವಾಗ ಒಂದೇ ಸಂಸ್ಥೆಯ ವಿದ್ಯಾರ್ಥಿ ಮತ್ತು ಮೇಷ್ಟ್ರು ಒಂದೇ ಕೋಣೆಗೆ ಬೀಳದ ಹಾಗೆ ನೋಡಿ. ಮೇಲಿನ ಆಫ್‌ಸೆಟ್ ಮಾತುಕತೆ ನಡೆಯಬಹುದಾದದ್ದು ಇಂಥ ಬೆರಕೆ ಕೋಣೆಯಲ್ಲೇ.

ಇನ್ನೊಂದು ಹಳೆಯ ಉಪಾಯ, ಮೊದಲು ಬರೆಯುವುದು, ಆಮೇಲೆ ಮಾತಾಡುವುದು. ನಾಮಿನಲ್ ಗ್ರೂಪ್ ಟೆಕ್ನಿಕ್ ಎಂಬ ಹೆಸರಿನಲ್ಲಿ 1970ರ ದಶಕದಿಂದಲೂ ಇದು ಬಳಕೆಯಲ್ಲಿದೆ. ಪ್ರಶ್ನೆ ಕೇಳಿದ ಮೇಲೆ ಐದು ನಿಮಿಷ ಎಲ್ಲರೂ ಸುಮ್ಮನೆ ತಮ್ಮ ತಮ್ಮ ಕಾಗದದಲ್ಲಿ ಬರೆದುಕೊಳ್ಳಬೇಕು. ಆಮೇಲೆ ಸರದಿಯಂತೆ ಒಬ್ಬೊಬ್ಬರು ಒಂದೊಂದೇ ಅಂಶ ಓದಬೇಕು. ಎಲ್ಲರದೂ ಮುಗಿಯುವವರೆಗೆ ಚರ್ಚೆ ಇಲ್ಲ. ಕೊನೆಗೆ ಯಾವುದು ಮುಖ್ಯ ಅಂತ ಪ್ರತಿಯೊಬ್ಬರೂ ಅಂಕ ಕೊಡಬೇಕು. ಗಟ್ಟಿ ದನಿಯವರು ಮೊದಲೇ ಮಾತಾಡಿ ಉಳಿದವರ ಯೋಚನೆಯನ್ನು ತಮ್ಮ ಕಡೆ ಎಳೆದುಕೊಳ್ಳುವುದು ಇದರಿಂದ ತಪ್ಪುತ್ತದೆ.

ಅಧಿಕಾರಿಗಳಿಗೆ ಮುಂಚೆಯೇ ಫೋನ್ ಮಾಡಿ ಹೇಳಿಬಿಡಿ: "ಸಾರ್, ನಿಮ್ಮ ಮಾತು ಕೊನೆಗೆ ಇಟ್ಟುಕೊಂಡಿದ್ದೇವೆ, ಎಲ್ಲರದೂ ಕೇಳಿ ನೀವು ಉತ್ತರ ಕೊಟ್ಟರೆ ಚೆನ್ನಾಗಿರುತ್ತದೆ." ಬಹಳಷ್ಟು ಅಧಿಕಾರಿಗಳು ಸಂತೋಷದಿಂದ ಒಪ್ಪುತ್ತಾರೆ. ಸಭೆಯ ನಡುವೆ ಅವರನ್ನು ತಡೆಯುವುದಕ್ಕಿಂತ ಇದು ಎಲ್ಲರಿಗೂ ಮರ್ಯಾದೆ.

## ಹೊತ್ತು, ಫೋನ್, ಭಾಷೆ

ಬೆಳಿಗ್ಗೆ ಹನ್ನೊಂದು ಗಂಟೆ ಕಚೇರಿಯವರಿಗೆ ಅನುಕೂಲ. ಆದರೆ ಅದೇ ಹೊತ್ತಿಗೆ ಗಾರ್ಮೆಂಟ್ಸ್ ಹೆಣ್ಣುಮಗಳು ಲೈನ್‌ನಲ್ಲಿ ಕೂತಿರುತ್ತಾಳೆ, ಫೋನ್ ಲಾಕರ್‌ನಲ್ಲಿ ಇರಬಹುದು. ಸಂಜೆ ಏಳಕ್ಕೆ ಇಟ್ಟರೆ ಅಡುಗೆ, ಮಕ್ಕಳು. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಗಂಡನ ಹತ್ತಿರವೋ ಮಗನ ಹತ್ತಿರವೋ ಇರುತ್ತದೆ. ಹಾಗಾಗಿ ದಿನ ಗೊತ್ತು ಮಾಡುವ ಮೊದಲು ಅವರನ್ನೇ ಕೇಳಿ. ಭಾನುವಾರ ಮಧ್ಯಾಹ್ನ ಊಟದ ನಂತರ ಅಂದರೆ ಅಧಿಕಾರಿಗಳಿಗೆ ಕಷ್ಟ, ನಿಜ. ಆಗ ಕಾರ್ಮಿಕರ ಸುತ್ತನ್ನು ಭಾನುವಾರ, ಉಳಿದವರ ಸುತ್ತನ್ನು ವಾರದ ದಿನ ಇಟ್ಟು, ಮೊದಲನೆಯದರ ಮಾತುಗಳನ್ನು ಎರಡನೆಯದಕ್ಕೆ ಒಯ್ಯಿರಿ. ಒಂದೇ ಮನೆಯಲ್ಲಿ ನಾಲ್ಕು ಜನ ಸೇರಿ ಒಂದು ಫೋನ್ ಮುಂದೆ ಕೂತರೆ ತುಂಬಾ ಒಳ್ಳೆಯದು. ಹಾಜರಿಯಲ್ಲಿ ಮಾತ್ರ ನಾಲ್ಕು ಅಂತಲೇ ಬರೆದುಕೊಳ್ಳಿ.

ಬಹಳ ಜನ ಮೊಬೈಲ್‌ನಿಂದಲೇ ಸೇರುತ್ತಾರೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಾಣುವ ಸ್ಲೈಡ್ ಅಲ್ಲಿ ಇರುವೆ ಸಾಲಿನಂತೆ ಕಾಣುತ್ತದೆ. ಸ್ಲೈಡ್ ಬಿಟ್ಟುಬಿಡಿ. ಪ್ರಶ್ನೆಗಳನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಎರಡು ದಿನ ಮೊದಲೇ ವಾಟ್ಸಾಪ್ ಮಾಡಿ. ಓದಲು ಕಷ್ಟ ಇರುವವರಿಗೆ ಅದನ್ನೇ ವಾಯ್ಸ್ ಮೆಸೇಜ್ ಆಗಿ ಕಳಿಸಿ. ಡೇಟಾ ಕಡಿಮೆ ಇದ್ದವರು ವಿಡಿಯೋ ಆಫ್ ಮಾಡಿಕೊಳ್ಳಲಿ, ಅದಕ್ಕೆ ಯಾರೂ ಆಕ್ಷೇಪ ಎತ್ತಬಾರದು.

ಯಾವ ಆ್ಯಪ್ ಅನ್ನುವುದು ದೊಡ್ಡ ವಿಷಯವಲ್ಲ, ಅದರ ಮಿತಿ ಗೊತ್ತಿದ್ದರೆ ಸಾಕು. ಝೂಮ್‌ನ ಉಚಿತ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ನಿಂತುಹೋಗುತ್ತದೆ, ಗೂಗಲ್ ಮೀಟ್‌ನ ಉಚಿತ ಗುಂಪು ಸಭೆ 60 ನಿಮಿಷಕ್ಕೆ. ಮೀಟ್‌ನಲ್ಲಿ ಬ್ರೇಕ್‌ಔಟ್ ರೂಮ್ ಬೇಕಾದರೆ ದುಡ್ಡು ಕೊಟ್ಟ ಖಾತೆಯೇ ಬೇಕು. ಝೂಮ್‌ನಲ್ಲಿ ಆ ಸೌಲಭ್ಯ ನಿಮ್ಮ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಆನ್ ಆಗಿದೆಯಾ ಅಂತ ಹಿಂದಿನ ದಿನವೇ ನೋಡಿಕೊಳ್ಳಿ, ಸಭೆ ಶುರುವಾದ ಮೇಲೆ ಹುಡುಕಾಡುವುದು ಬೇಡ. ಕರೆಂಟ್ ಹೋಗುವುದು ನಮ್ಮ ಊರಿನಲ್ಲಿ ಇದ್ದದ್ದೇ. ಬೇರೆ ಬಡಾವಣೆಯಲ್ಲಿರುವ ಇನ್ನೊಬ್ಬರನ್ನು ಕೋ-ಹೋಸ್ಟ್ ಮಾಡಿಟ್ಟರೆ ನಿಮ್ಮ ಮನೆಯ ವೈಫೈ ನಿಂತರೂ ಸಭೆ ನಡೆಯುತ್ತದೆ.

ಭಾಷೆಯ ವಿಚಾರಕ್ಕೆ ಬಂದರೆ, ಇಲ್ಲಿನ ಕಾರ್ಖಾನೆಗಳಲ್ಲಿ ಕನ್ನಡದ ಜೊತೆ ಹಿಂದಿ, ತಮಿಳು, ತೆಲುಗು, ಒಡಿಯಾ ಎಲ್ಲ ಕೇಳಿಸುತ್ತದೆ. ಸಭೆ ಕನ್ನಡದಲ್ಲೇ ನಡೆಯಲಿ. ಯಾರೇ ತಮ್ಮ ಭಾಷೆಯಲ್ಲಿ ಮಾತಾಡಿದರೂ ತಡೆಯಬೇಡಿ, ನಡೆಸುವವರು ಅದರ ಸಾರವನ್ನು ಕನ್ನಡದಲ್ಲಿ ಹೇಳಿ ಮುಂದುವರಿಯಲಿ. ಯಾರಾದರೂ ಪೂರ್ತಿ ಇಂಗ್ಲಿಷಿನಲ್ಲಿ ಶುರು ಮಾಡಿದರೆ ಉಳಿದವರು ಬಾಯಿ ಮುಚ್ಚಿಬಿಡುತ್ತಾರೆ. "ಸಾರ್, ಕನ್ನಡದಲ್ಲೇ ಹೇಳಿ, ಎಲ್ಲರಿಗೂ ಗೊತ್ತಾಗಲಿ" ಅಂತ ಮೊದಲ ವಾಕ್ಯದಲ್ಲೇ ಕೇಳಿಕೊಳ್ಳಿ.

## ತೊಂಬತ್ತು ನಿಮಿಷ ಹೇಗೆ ಕಳೆಯಬೇಕು

ಸ್ವಾಗತ, ಉದ್ದೇಶ, ನಿಯಮ ಎಲ್ಲ ಸೇರಿ 10 ನಿಮಿಷ. ದೀಪ ಬೆಳಗುವ ವಿಡಿಯೋ, ಗಣ್ಯರ ಪರಿಚಯ ಬೇಡ. ಒಂದೇ ಬಗೆಯವರ ಕೋಣೆಗಳಿಗೆ 25 ನಿಮಿಷ, ಅದರಲ್ಲಿ ಮೊದಲ ಐದು ಬರೆಯಲು. ವಾಪಸ್ ಬಂದು ಎಲ್ಲರ ಅಂಶ ಓದಲು 10. ಬೆರಕೆ ಕೋಣೆಗಳಿಗೆ 20. ಕೊನೆಯ 25 ನಿಮಿಷ ಯಾರು ಏನು ಮಾಡುತ್ತಾರೆ ಅಂತ ಒಪ್ಪಿಸಿಕೊಳ್ಳಲು, ಅಧಿಕಾರಿಗಳ ಉತ್ತರವೂ ಇದರಲ್ಲೇ. ಈ ಕೊನೆಯ ಭಾಗವನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಹೊತ್ತು ಮೀರಿದರೆ ಬೆರಕೆ ಕೋಣೆಯ ಹೊತ್ತಿನಿಂದ ಐದು ನಿಮಿಷ ಕಳೆಯಿರಿ.

## ರೆಕಾರ್ಡಿಂಗ್ ಬಗ್ಗೆ

ರೆಕಾರ್ಡ್ ಮಾಡುವ ಮುಂಚೆ ಕೇಳಲೇಬೇಕು. ಯಾಕೆ ಮಾಡುತ್ತಿದ್ದೀರಿ, ಯಾರ ಹತ್ತಿರ ಇರುತ್ತದೆ, ಯಾವಾಗ ಅಳಿಸುತ್ತೀರಿ ಅಂತ ಹೇಳಿ. ಜನರ ವೈಯಕ್ತಿಕ ಮಾಹಿತಿಯನ್ನು ಒಪ್ಪಿಗೆಯಿಂದ ಬಳಸುವ ವಿಚಾರಕ್ಕೆ ದೇಶದಲ್ಲಿ 2023ರಲ್ಲೇ ಕಾಯ್ದೆ ಬಂದಿದೆ. ನನ್ನ ಪ್ರಕಾರ ವಿದ್ಯಾರ್ಥಿಗಳ ಕೋಣೆಯನ್ನು ರೆಕಾರ್ಡ್ ಮಾಡದಿರುವುದೇ ಸರಿ, ಕೈಬರಹದ ಟಿಪ್ಪಣಿ ಸಾಕು.

ಲಂಡನ್ನಿನ ಚಾಥಮ್ ಹೌಸ್ ಎಂಬ ಸಂಸ್ಥೆ 1927ರಲ್ಲಿ ಮಾಡಿಕೊಂಡ ಒಂದು ನಿಯಮ ಈಗ ಎಲ್ಲ ಕಡೆ ಬಳಕೆಯಲ್ಲಿದೆ: ಸಭೆಯಲ್ಲಿ ಕೇಳಿದ ವಿಷಯವನ್ನು ಹೊರಗೆ ಬಳಸಬಹುದು, ಹೇಳಿದವರು ಯಾರು, ಯಾವ ಸಂಸ್ಥೆಯವರು ಅನ್ನುವುದನ್ನು ಮಾತ್ರ ಹೇಳಬಾರದು. ಇದನ್ನು ಶುರುವಿನಲ್ಲೇ ಸರಳವಾಗಿ ಹೇಳಿ, "ಒಪ್ಪಿಗೆನಾ?" ಅಂತ ಎಲ್ಲರಿಂದ ಕೇಳಿಸಿಕೊಳ್ಳಿ. ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವ ಅಭ್ಯಾಸ ಇದೆಯಲ್ಲಾ, ಅದೂ ಬೇಡ ಅಂತ ಬಿಡಿಸಿ ಹೇಳಬೇಕು.

## ಸಭೆ ಮುಗಿದ ಮೇಲೆ

ಒಂದು ವಾರದೊಳಗೆ ಒಂದೇ ಪುಟದ ಕನ್ನಡ ವರದಿ ಎಲ್ಲರಿಗೂ ಹೋಗಬೇಕು. ಏನು ಮಾಡುತ್ತೇವೆ, ಯಾರು ಮಾಡುತ್ತಾರೆ, ಯಾವ ತಾರೀಖಿಗೆ, ಇವು ಮೂರು ಇದ್ದರೆ ಸಾಕು. "ಗುಣಮಟ್ಟ ಸುಧಾರಣೆಗೆ ಕ್ರಮ ಕೈಗೊಳ್ಳಲಾಗುವುದು" ಅಂತ ಬರೆದರೆ ಯಾರೂ ಏನೂ ಮಾಡುವುದಿಲ್ಲ. "ಸವೆದ ಇನ್ಸರ್ಟ್ ಒಂದು ಡಬ್ಬ, ವರ್ಕ್‌ಶಾಪ್‌ನಿಂದ ಐಟಿಐಗೆ, ಮುಂದಿನ ಶುಕ್ರವಾರದೊಳಗೆ, ತಂದುಕೊಡುವವರು ಇಂಥವರು" ಅಂತ ಬರೆಯಿರಿ. ಮಾಡಲಾಗದ ಬೇಡಿಕೆಗಳನ್ನೂ ಮುಚ್ಚಿಡಬೇಡಿ, ಯಾಕೆ ಆಗುವುದಿಲ್ಲ ಮತ್ತು ಯಾರಿಗೆ ಬರೆದು ಕೇಳಿದ್ದೇವೆ ಅಂತ ಅದೇ ಪುಟದಲ್ಲಿ ಹಾಕಿ. ಮೂರು ತಿಂಗಳು ಬಿಟ್ಟು ಅದೇ ಪಟ್ಟಿ ಹಿಡಿದು ಅರ್ಧ ಗಂಟೆಯ ಇನ್ನೊಂದು ಸಭೆ ಕರೆಯಿರಿ. ಮೊದಲ ಸಲ ಧೈರ್ಯ ಮಾಡಿ ಮಾತಾಡಿದ ಹುಡುಗಿ ಎರಡನೇ ಸಲ ಬರುತ್ತಾಳೋ ಇಲ್ಲವೋ ಅನ್ನುವುದು, ಅವಳ ಮಾತಿಗೆ ಈ ನಡುವೆ ಏನಾಯಿತು ಅನ್ನುವುದರ ಮೇಲೆ ನಿಂತಿದೆ.

## ನಿಮ್ಮನ್ನೇ ಕರೆದಿದ್ದರೆ

ನೀವು ನಡೆಸುವವರಲ್ಲ, ಲಿಂಕ್ ಬಂದವರು ಅಂತಿಟ್ಟುಕೊಳ್ಳಿ. ಸೇರುವ ಮುಂಚೆ ಕರೆದವರನ್ನು ಕೇಳಿ: ಪ್ರಶ್ನೆ ಏನು, ಉತ್ತರ ಕೊಡಬಲ್ಲ ಅಧಿಕಾರಿ ಯಾರು ಬರುತ್ತಾರೆ, ವರದಿ ಯಾವಾಗ ಸಿಗುತ್ತದೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ, ನಿಮ್ಮ ಹೊತ್ತನ್ನು ಕೊಡುತ್ತಿದ್ದೀರಲ್ಲ. ಮಾಲೀಕರಾದರೆ ನಿಮ್ಮ ಹಿರಿಯ ಆಪರೇಟರ್ ಜೊತೆ ಹತ್ತು ನಿಮಿಷ ಮಾತಾಡಿ, ಹೊಸಬರು ಎಲ್ಲಿ ತಡವರಿಸುತ್ತಾರೆ ಅಂತ ಒಂದು ಉದಾಹರಣೆ ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಲಿಯುತ್ತಿರುವವರಾದರೆ, ಕಳೆದ ತಿಂಗಳು ಮಷಿನ್ ಮೇಲೆ ನೀವೇ ಕೈಯಾರೆ ಏನು ಮಾಡಿದಿರಿ, ಏನನ್ನು ಬರೀ ನಿಂತು ನೋಡಿದಿರಿ ಅಂತ ಎರಡು ಪಟ್ಟಿ ಮಾಡಿ. ಎಲ್ಲರೆದುರು ಹೇಳಲು ಮನಸ್ಸಿಲ್ಲದಿದ್ದರೆ ಆ ಪಟ್ಟಿಯನ್ನು ನಡೆಸುವವರಿಗೆ ಮುಂಚೆಯೇ ಕಳಿಸಿ, ಹೆಸರಿಲ್ಲದೆ ಓದಲು ಹೇಳಿ. ವಾರ ಕಳೆದರೂ ವರದಿ ಬರದಿದ್ದರೆ ಅದೇ ಗುಂಪಿನಲ್ಲಿ "ಆ ಒಂದು ಪುಟ ಇನ್ನೂ ಬಂದಿಲ್ಲ" ಅಂತ ಒಂದು ಮೆಸೇಜ್ ಹಾಕಿ.